ಮಲಪರೀಕ್ಷೆ ಮಾಡಿಸಿದರಷ್ಟೇ ಸಾಲದು, ರಿಪೋರ್ಟಿನ ಅಂಕಿಯನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಕರುಳಿನ ಕ್ಯಾನ್ಸರಿನ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ‘ಅನುಮಾನವಿದ್ದರೆ ಮಲಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ ಮುಗಿಸಿಬಿಡುತ್ತಾರೆ. ಯಾವ ಮಲಪರೀಕ್ಷೆ, ಯಾರಿಗೆ, ಎಷ್ಟು ಬಂದರೆ ಮುಂದೇನು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಓದಿದವರು ಲ್ಯಾಬಿಗೆ ಹೋಗುತ್ತಾರೆ, ‘ನೆಗೆಟಿವ್’ ಎಂಬ ಒಂದೇ ಪದವಿರುವ ಕಾಗದ ಹಿಡಿದು ನೆಮ್ಮದಿಯಿಂದ ಮನೆಗೆ ಬರುತ್ತಾರೆ. ಹಾಗೆ ಬಂದವರಲ್ಲಿ ಕೆಲವರಿಗೆ ಕ್ಯಾನ್ಸರ್ ಇದ್ದೇ ಇರುತ್ತದೆ. ‘ಪಾಸಿಟಿವ್’ ಬಂದರೂ ‘ಪೈಲ್ಸ್ ಇದೆಯಲ್ಲ, ಅದರದ್ದೇ ರಕ್ತ’ ಎಂದು ಕಾಗದವನ್ನು ಮಡಿಸಿಟ್ಟವರಲ್ಲಂತೂ ಇನ್ನೂ ಹೆಚ್ಚು ಮಂದಿಗೆ ಇರುತ್ತದೆ. ಮಲದಲ್ಲಿ ಅಡಗಿದ ರಕ್ತವನ್ನು ಅಳೆಯುವ ಫಿಟ್ (ಫೀಕಲ್ ಇಮ್ಯುನೊಕೆಮಿಕಲ್ ಟೆಸ್ಟ್) ಎಂಬ ಪರೀಕ್ಷೆ ಒಳ್ಳೆಯದೇ. ಅದನ್ನು ಬಳಸುವ ರೀತಿ ಸರಿಯಾಗಬೇಕು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು, ಇಂಥದ್ದೊಂದು ಪರೀಕ್ಷೆ ಏಕೆ ಬೇಕು ಎಂಬುದು. ಮಲವಿಸರ್ಜನೆಯ ರೂಢಿ ಬದಲಾಗುವುದು, ಹೊಟ್ಟೆನೋವು, ಮಲದ ಜೊತೆ ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ: ದೊಡ್ಡ ಕರುಳಿನ ಕ್ಯಾನ್ಸರಿನ ಲಕ್ಷಣಗಳು ಇವು. ಆದರೆ ಇವೇ ಲಕ್ಷಣಗಳು ಮೂಲವ್ಯಾಧಿ, ಫಿಶರ್ (ಗುದದ್ವಾರದ ಬಿರುಕು), ಕರುಳಿನ ಸೋಂಕು, ಐಬಿಎಸ್ (ಕರುಳಿನ ಕಾರ್ಯದ ಏರುಪೇರು), ಔಷಧಿಗಳ ಅಡ್ಡಪರಿಣಾಮ ಮೊದಲಾದ ಹತ್ತಾರು ಕಾರಣಗಳಿಂದಲೂ ಬರುತ್ತವೆ. ಲಕ್ಷಣವನ್ನಷ್ಟೇ ನೋಡಿ ಯಾರಿಗೆ ಕ್ಯಾನ್ಸರ್ ಎಂದು ಹೇಳುವುದು ನುರಿತ ವೈದ್ಯರಿಗೂ ಆಗದ ಮಾತು. ಇಂಗ್ಲೆಂಡಿನ 50 ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ‘ನೈಸ್ ಫಿಟ್’ ಅಧ್ಯಯನವನ್ನೇ ನೋಡಿ. ಕರುಳಿನ ಕ್ಯಾನ್ಸರ್ ಇರಬಹುದೆಂಬ ಅನುಮಾನದಿಂದ ತುರ್ತಾಗಿ ಕಳುಹಿಸಲ್ಪಟ್ಟಿದ್ದ 9,822 ಜನರಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಶೇ 3.3 ಮಂದಿಗೆ. ಅಂದರೆ ನೂರರಲ್ಲಿ ತೊಂಬತ್ತಾರಕ್ಕೂ ಹೆಚ್ಚು ಜನ ಆ ರೋಗವಿಲ್ಲದೆಯೇ ಕೊಲೊನೊಸ್ಕೋಪಿಯ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯ) ಸಾಲಿನಲ್ಲಿ ನಿಂತಿದ್ದರು.

ಕೊಲೊನೊಸ್ಕೋಪಿ ಹಗುರವಾಗಿ ತೆಗೆದುಕೊಳ್ಳುವ ಪರೀಕ್ಷೆಯಲ್ಲ. ಹಿಂದಿನ ದಿನದಿಂದಲೇ ಊಟ ಬಿಟ್ಟು, ಲೀಟರುಗಟ್ಟಲೆ ದ್ರವದೊಡನೆ ಭೇದಿಯ ಔಷಧಿ ಕುಡಿದು ಕರುಳನ್ನು ಪೂರ್ತಿ ಖಾಲಿ ಮಾಡಬೇಕು. ಒಂದೂವರೆ ಮೀಟರಿನಷ್ಟು ಉದ್ದದ ಕೊಳವೆಯನ್ನು ಗುದದ್ವಾರದಿಂದ ದೊಡ್ಡ ಕರುಳಿನ ಆರಂಭದವರೆಗೂ ತೂರಿಸಬೇಕು. ವಯಸ್ಸಾದವರಿಗೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರಿಗೆ ಆ ಭೇದಿಯೇ ದೊಡ್ಡ ಸುಸ್ತು. ದೇಹದ ನೀರು, ಲವಣ ಏರುಪೇರಾಗುತ್ತದೆ. ಅಪರೂಪಕ್ಕೆ ಕರುಳು ತೂತಾಗುವುದೂ ಉಂಟು. ಇಷ್ಟೆಲ್ಲ ಇದ್ದರೂ ಬೇಕಾದವರಿಗೆ ಅದು ಬೇಕೇ ಬೇಕು, ಅದಕ್ಕೆ ಬದಲಿಯಿಲ್ಲ. ತೊಂದರೆ ಇರುವುದು ಸಾಲಿನಲ್ಲಿ. ಬೇಡದವರಿಗೆ ಮಾಡಿದ ಪ್ರತಿ ಕೊಲೊನೊಸ್ಕೋಪಿಯೂ ಬೇಕಾದವರೊಬ್ಬರ ಸರದಿಯನ್ನು ಹಿಂದಕ್ಕೆ ತಳ್ಳುತ್ತದೆ. ಯಾರು ಮೊದಲು ಹೋಗಬೇಕು ಎಂದು ತೀರ್ಮಾನಿಸಲು ನೆರವಾಗುವುದೇ ಈ ಫಿಟ್ ಪರೀಕ್ಷೆ.

ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಹಳೆಯ ವಿಧಾನ ಗ್ವಾಯಾಕ್ ಪರೀಕ್ಷೆ. ಕಾಗದದ ಮೇಲೆ ಮಲ ಸವರಿ, ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ ನೀಲಿ ಬಣ್ಣ ಬರುತ್ತದೆಯೇ ಎಂದು ನೋಡುವುದು. ಆ ನೀಲಿಗೆ ಕಾರಣ ರಕ್ತದ ಹೀಮ್ ಭಾಗ. ಅದು ಮನುಷ್ಯನ ರಕ್ತದ್ದೋ, ತಿಂದ ಮಾಂಸದ್ದೋ ಎಂಬುದು ಆ ಕಾಗದಕ್ಕೆ ತಿಳಿಯದು. ಮೂಲಂಗಿಯಂಥ ತರಕಾರಿಯೂ ನೀಲಿ ತರಿಸಬಲ್ಲದು; ವಿಟಮಿನ್ ಸಿ ಮಾತ್ರೆ ನುಂಗಿದ್ದರೆ ರಕ್ತ ಇದ್ದೂ ಬಣ್ಣ ಬರದೇ ಹೋಗಬಹುದು. ಆದ್ದರಿಂದಲೇ ಆ ಪರೀಕ್ಷೆಗೆ ಮೊದಲು ಪಥ್ಯ ಹೇಳುತ್ತಿದ್ದರು.

ಫಿಟ್ ಹಾಗಲ್ಲ. ಅದು ಮನುಷ್ಯನ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಎಂಬ ಪ್ರೋಟೀನನ್ನು ಪ್ರತಿಕಾಯಗಳ ಮೂಲಕ ಹಿಡಿಯುತ್ತದೆ. ತಿಂದ ಮಾಂಸ ಅದಕ್ಕೆ ಲೆಕ್ಕವಿಲ್ಲ, ಪಥ್ಯ ಬೇಕಿಲ್ಲ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗಿದ್ದರೂ ಅಡ್ಡಿಯಿಲ್ಲ. ಇನ್ನೊಂದು ಗುಣವಿದೆ, ಅದೇ ಮಿತಿಯೂ ಹೌದು: ಜಠರದಲ್ಲಿ ಒಸರಿದ ರಕ್ತದ ಗ್ಲೋಬಿನ್ ಸಣ್ಣ ಕರುಳನ್ನು ದಾಟುವಷ್ಟರಲ್ಲಿ ಜೀರ್ಣವಾಗಿಬಿಡುತ್ತದೆ. ಹಾಗಾಗಿ ಫಿಟ್ ತೋರಿಸುವುದು ಹೆಚ್ಚಾಗಿ ದೊಡ್ಡ ಕರುಳಿನ ರಕ್ತವನ್ನು. ಜಠರದ ಹುಣ್ಣನ್ನೋ ಕ್ಯಾನ್ಸರನ್ನೋ ಅದು ಕಾಣದು. ಜಪಾನ್ 1992ರಷ್ಟು ಹಿಂದೆಯೇ ಇದನ್ನು ರಾಷ್ಟ್ರಮಟ್ಟದ ತಪಾಸಣೆಗೆ ತಂದಿತು. ಲಕ್ಷಣ ಇರುವವರಲ್ಲಿ ಯಾರಿಗೆ ಮುಂದಿನ ಪರೀಕ್ಷೆ ಎಂದು ತೀರ್ಮಾನಿಸಲು ಬಳಸುವ ಪದ್ಧತಿ ಈಚಿನದು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಕಡಿಮೆ ಅಪಾಯದ ಲಕ್ಷಣಗಳಿಗೆ ಮಾತ್ರ ಇದನ್ನು ಶಿಫಾರಸು ಮಾಡಿತ್ತು. 2020ರಲ್ಲಿ ಕೋವಿಡ್‌ನಿಂದ ಎಂಡೋಸ್ಕೋಪಿ (ಕೊಳವೆ ತೂರಿಸಿ ಒಳಗನ್ನು ನೋಡುವ ಪರೀಕ್ಷೆ) ಕೊಠಡಿಗಳು ಮುಚ್ಚಿದಾಗ ಯಾರನ್ನು ಮೊದಲು ಕರೆಯಬೇಕೆಂದು ತಿಳಿಯಲು ಎಲ್ಲರೂ ಇದಕ್ಕೇ ಮೊರೆಹೋದರು. 2023ರ ಆಗಸ್ಟ್‌ನಲ್ಲಿ ಬಂದ ಅದೇ ಸಂಸ್ಥೆಯ ಮಾರ್ಗಸೂಚಿ ರಕ್ತಸ್ರಾವ, ರಕ್ತಹೀನತೆ, ಹೊಟ್ಟೆಯಲ್ಲಿ ಗಡ್ಡೆ ಸೇರಿದಂತೆ ಬಹುತೇಕ ಲಕ್ಷಣಗಳಿಗೂ ಮೊದಲು ಫಿಟ್ ಎಂದಿತು.

ಈಗ ಅಂಕಿಯ ವಿಷಯ. ನಮ್ಮ ಪತ್ರದ ತಿರುಳು ಇದೇ.

ಸರಿಯಾದ ಫಿಟ್ ರಿಪೋರ್ಟಿನಲ್ಲಿ ‘ಇದೆ’, ‘ಇಲ್ಲ’ ಎಂಬ ಉತ್ತರವಿರುವುದಿಲ್ಲ. ಒಂದು ಗ್ರಾಂ ಮಲಕ್ಕೆ ಇಷ್ಟು ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಎಂಬ ಲೆಕ್ಕವಿರುತ್ತದೆ. ಲಕ್ಷಣ ಇರುವವರಿಗೆ ನೈಸ್ ಹಾಕಿರುವ ಗೆರೆ 10 ಮೈಕ್ರೋಗ್ರಾಂ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ಕೊಲೊನೊಸ್ಕೋಪಿಗೆ. ಮೇಲೆ ಹೇಳಿದ ಅಧ್ಯಯನದ ಲೆಕ್ಕವನ್ನು ಸಾವಿರ ಜನಕ್ಕೆ ಇಳಿಸಿದರೆ ಹೀಗೆ: ಸಾವಿರದಲ್ಲಿ 33 ಜನರಿಗೆ ಕ್ಯಾನ್ಸರ್. 10ರ ಗೆರೆ ಹಾಕಿದರೆ 190 ಜನ ಗೆರೆಯ ಮೇಲೆ ಬರುತ್ತಾರೆ, 33ರಲ್ಲಿ 30 ಮಂದಿ ಅವರಲ್ಲೇ ಇರುತ್ತಾರೆ. ಗೆರೆಯ ಕೆಳಗಿನ 810 ಜನರಲ್ಲಿ ಕ್ಯಾನ್ಸರ್ ಇರುವವರು ಮೂವರು. ಗೆರೆಯನ್ನು 2ಕ್ಕೆ ಇಳಿಸಿದರೆ ತಪ್ಪಿಹೋಗುವವರು ಸುಮಾರು ಒಬ್ಬರು, ಆದರೆ ಕೊಲೊನೊಸ್ಕೋಪಿಗೆ ಕಳಿಸಬೇಕಾದವರು 370ಕ್ಕೂ ಮೇಲೆ. 150ಕ್ಕೆ ಏರಿಸಿದರೆ 76 ಜನರನ್ನಷ್ಟೇ ಕಳಿಸಿದರೆ ಸಾಕು, ಆದರೆ 33ರಲ್ಲಿ ಹತ್ತು ಮಂದಿ ಕೈತಪ್ಪುತ್ತಾರೆ. 10 ಎಂಬುದು ಆಕಾಶದಿಂದ ಉದುರಿದ ಅಂಕಿಯಲ್ಲ, ಈ ಎರಡು ತಕ್ಕಡಿಗಳ ನಡುವೆ ಕಂಡುಕೊಂಡ ಜಾಗ.

ಗೆರೆಯ ಮೇಲಿರುವವರಲ್ಲೂ ಎಲ್ಲರೂ ಸಮಾನರಲ್ಲ ಎಂಬುದನ್ನು ಗಮನಿಸಬೇಕು. 10 ದಾಟಿದವರಲ್ಲಿ ನೂರಕ್ಕೆ 16 ಮಂದಿಗೆ ಕ್ಯಾನ್ಸರ್ ಇದ್ದರೆ, 150 ದಾಟಿದವರಲ್ಲಿ ನೂರಕ್ಕೆ 31. ‘ಪಾಸಿಟಿವ್’ ಎಂದಷ್ಟೇ ಬರೆದ ರಿಪೋರ್ಟು 12 ಬಂದವರನ್ನೂ 400 ಬಂದವರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಇಬ್ಬರೂ ಹೋಗಬೇಕಾದವರೇ, ಆದರೆ ನಾಳೆ ಒಂದೇ ಜಾಗ ಖಾಲಿಯಿದ್ದರೆ ಅದು 400ರವರಿಗೆ ಸಿಗಬೇಕು. ಅಂಕಿ ಮರೆಮಾಡಿದ ರಿಪೋರ್ಟಿನಿಂದ ಆ ತೀರ್ಮಾನ ಸಾಧ್ಯವಿಲ್ಲ.

ಇಲ್ಲೇ ಇನ್ನೊಂದು ಗೊಂದಲವಿದೆ, ಅದು ಜೀವಕ್ಕೇ ಕುತ್ತು ತರುವಂಥದ್ದು. ಯಾವ ಲಕ್ಷಣವೂ ಇಲ್ಲದ, ಆರೋಗ್ಯವಾಗಿರುವ ಜನರನ್ನು ವಯಸ್ಸಿನ ಆಧಾರದ ಮೇಲೆ ಕರೆದು ಮಾಡುವ ಸಾಮೂಹಿಕ ತಪಾಸಣೆಗೂ ಇದೇ ಫಿಟ್ ಬಳಕೆಯಾಗುತ್ತದೆ. ಆದರೆ ಅಲ್ಲಿಯ ಗೆರೆ ಬೇರೆ. ಸ್ಕಾಟ್ಲೆಂಡ್ 2017ರಲ್ಲಿ 80ರಿಂದ ಶುರುಮಾಡಿತು, ಇಂಗ್ಲೆಂಡ್ 2019ರಲ್ಲಿ 120ರಿಂದ. ನೆದರ್ಲೆಂಡ್ಸ್ 2014ರಲ್ಲಿ 15 ಎಂದು ಆರಂಭಿಸಿ, ಕೊಲೊನೊಸ್ಕೋಪಿಗೆ ಜನ ಎಣಿಸಿದ್ದಕ್ಕಿಂತ ಹೆಚ್ಚಾದಾಗ ಅದೇ ವರ್ಷ 47ಕ್ಕೆ ಏರಿಸಿತು. ಅಂದರೆ ತಪಾಸಣೆಯ ಗೆರೆಯನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ದೇಶದ ಎಂಡೋಸ್ಕೋಪಿಯ ಸಾಮರ್ಥ್ಯ. ಹಾಗಾಗಿ ತಪಾಸಣೆಯಲ್ಲಿ ‘ನೆಗೆಟಿವ್’ ಎಂಬ ಪತ್ರ ಪಡೆದವರಿಗೆ 60 ಬಂದಿರಬಹುದು, 100 ಬಂದಿರಬಹುದು. ಅವರಿಗೆ ಮೂರು ತಿಂಗಳಲ್ಲಿ ರಕ್ತ ಹೋಗತೊಡಗಿದರೆ ‘ಮೊನ್ನೆ ತಾನೇ ಮಾಡಿಸಿದ್ದೀರಲ್ಲ, ನೆಗೆಟಿವ್ ಬಂದಿದೆಯಲ್ಲ’ ಎಂದು ವೈದ್ಯರೇ ಸಮಾಧಾನ ಹೇಳುವುದು ದೊಡ್ಡ ತಪ್ಪು. ಲಕ್ಷಣ ಕಾಣಿಸಿದ ದಿನ ಹಳೆಯ ತಪಾಸಣೆಯ ಕಾಗದಕ್ಕೆ ಬೆಲೆಯಿಲ್ಲ. ಹೊಸ ಸ್ಯಾಂಪಲ್ ಬೇಕು, 10ರ ಗೆರೆಯಿಂದಲೇ ಅಳೆಯಬೇಕು.

ಏಕಮಾನವನ್ನೂ ನೋಡಬೇಕು. ಕೆಲವು ರಿಪೋರ್ಟುಗಳಲ್ಲಿ ಅಂಕಿ ಇರುತ್ತದೆ, ಆದರೆ ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು. ಅದು ಟ್ಯೂಬಿನೊಳಗಿನ ದ್ರಾವಣದ ಲೆಕ್ಕ, ಮಲದ್ದಲ್ಲ. ಯಾವ ಕಿಟ್ ಎಷ್ಟು ಮಲವನ್ನು ಎಷ್ಟು ದ್ರಾವಣದಲ್ಲಿ ಕದಡುತ್ತದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. 10 ಮಿಲಿಗ್ರಾಂ ಮಲವನ್ನು 2 ಮಿಲಿಲೀಟರ್ ದ್ರಾವಣದಲ್ಲಿ ಕದಡುವ ಓಸಿ-ಸೆನ್ಸರ್ ಕಿಟ್ಟಿನಲ್ಲಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ ಎಂದರೆ ಗ್ರಾಂ ಮಲಕ್ಕೆ 10 ಮೈಕ್ರೋಗ್ರಾಂ. 2 ಮಿಲಿಗ್ರಾಂ ಮಲವನ್ನಷ್ಟೇ ತೆಗೆದುಕೊಳ್ಳುವ ಎಚ್‌ಎಂ-ಜ್ಯಾಕ್‌ಆರ್ಕ್ ಕಿಟ್ಟಿನಲ್ಲಿ ಅದೇ 50 ನ್ಯಾನೋಗ್ರಾಂ ಎಂದರೆ 50 ಮೈಕ್ರೋಗ್ರಾಂ. ಒಂದೇ ಅಂಕಿ, ಐದು ಪಟ್ಟು ವ್ಯತ್ಯಾಸ! ಆದ್ದರಿಂದ ಮಿಲಿಲೀಟರ್ ಲೆಕ್ಕದ ರಿಪೋರ್ಟು ಕೈಗೆ ಬಂದರೆ, ‘ಇದನ್ನು ಗ್ರಾಂ ಮಲದ ಲೆಕ್ಕಕ್ಕೆ ತಿರುಗಿಸಿ ಬರೆದುಕೊಡಿ’ ಎಂದು ಲ್ಯಾಬನ್ನು ಕೇಳುವುದು ರೋಗಿಯ ಹಕ್ಕು.

ಇನ್ನು ಕಾರ್ಡ್ ಪರೀಕ್ಷೆ: ಗರ್ಭಪರೀಕ್ಷೆಯ ಪಟ್ಟಿಯಂತೆ ಹನಿ ಬಿಟ್ಟು ಗೆರೆ ನೋಡುವುದು. ಇದೂ ಪ್ರತಿಕಾಯದ ವಿಧಾನವೇ. ಆದರೆ ಎಷ್ಟು ರಕ್ತಕ್ಕೆ ಗೆರೆ ಮೂಡಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮಸುಕಾದ ಗೆರೆಯನ್ನು ಒಬ್ಬರು ‘ಇದೆ’ ಎಂದರೆ ಇನ್ನೊಬ್ಬರು ‘ಇಲ್ಲ’ ಎನ್ನುತ್ತಾರೆ. ರಕ್ತ ವಿಪರೀತ ಹೆಚ್ಚಿದ್ದಾಗ ಕೆಲವು ಕಾರ್ಡುಗಳಲ್ಲಿ ಪ್ರತಿಕಾಯಗಳೆಲ್ಲ ತುಂಬಿಹೋಗಿ ಗೆರೆಯೇ ಮೂಡದಿರುವ ಸಂಭವವೂ ಇದೆ. ‘ಸ್ಟೂಲ್ ಆಕಲ್ಟ್ ಬ್ಲಡ್’ (ಮಲದಲ್ಲಿ ಅಡಗಿದ ರಕ್ತ) ಎಂದು ಬರೆದ ಚೀಟಿ ಹಿಡಿದು ಹೋದರೆ ಗ್ವಾಯಾಕ್ ಮಾಡುತ್ತಾರೋ, ಕಾರ್ಡ್ ಮಾಡುತ್ತಾರೋ, ಯಂತ್ರದಲ್ಲಿ ಅಳೆಯುತ್ತಾರೋ ಹೇಳಲಾಗದು. ಮೂರಕ್ಕೂ ಅದೇ ಹೆಸರು ನಡೆಯುತ್ತದೆ. ವೈದ್ಯರು ಚೀಟಿಯಲ್ಲಿ ‘ಫಿಟ್, ಪ್ರಮಾಣ ಸಹಿತ’ ಎಂದು ಸ್ಪಷ್ಟವಾಗಿ ಬರೆದರೆ ಈ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಇನ್ನೊಂದು ಮಲಪರೀಕ್ಷೆಯಿದೆ. ಅದು ಕರುಳಿನ ಉರಿಯೂತ ನೋಡಲಿಕ್ಕೆ. ಕ್ಯಾನ್ಸರ್ ಅನುಮಾನಕ್ಕೆ ಇದರ ಬದಲು ಅದನ್ನು ಮಾಡಿಸಿ ಪ್ರಯೋಜನವಿಲ್ಲ.

ಸ್ಯಾಂಪಲ್ ತೆಗೆಯುವುದು ಮನೆಯಲ್ಲಿ, ರೋಗಿಯ ಕೈಯಲ್ಲೇ. ಲ್ಯಾಬಿನ ಯಂತ್ರ ಎಷ್ಟೇ ನಿಖರವಾಗಿರಲಿ, ಇಲ್ಲಿ ಎಡವಿದರೆ ಎಲ್ಲವೂ ವ್ಯರ್ಥ. ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತೇವೆ. ದಯವಿಟ್ಟು ಜಾಗದ ಅಭಾವವೆಂದು ಈ ಭಾಗವನ್ನು ಕತ್ತರಿಸಬೇಡಿ.

ಕಿಟ್ಟಿನಲ್ಲಿ ಇರುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ಟ್ಯೂಬು. ಅದರ ಮುಚ್ಚಳಕ್ಕೇ ಒಂದು ಕಡ್ಡಿ ಅಂಟಿಕೊಂಡಿರುತ್ತದೆ. ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಬೇಕಾದ ಮಲ ನಿಲ್ಲುವುದು ಆ ಗೀರುಗಳಲ್ಲಿ ಮಾತ್ರ. ಟ್ಯೂಬಿನ ಬಾಯೊಳಗೆ ಬಿಗಿಯಾದ ಒಂದು ಕಿರಿದಾದ ತೂತಿರುತ್ತದೆ. ಕಡ್ಡಿಯನ್ನು ಅದರೊಳಗೆ ತೂರಿಸಿದಾಗ ಹೊರಗೆ ಮೆತ್ತಿಕೊಂಡ ಹೆಚ್ಚುವರಿ ಮಲ ಅಲ್ಲೇ ಸವರಿಹೋಗಿ, ಗೀರಿನಲ್ಲಿ ಉಳಿದ ಅಳತೆಯಷ್ಟೇ ಒಳಗಿನ ದ್ರಾವಣಕ್ಕೆ ಇಳಿಯುತ್ತದೆ. 10 ಮಿಲಿಗ್ರಾಂ ಎಂದರೆ ಮೂರ್ನಾಲ್ಕು ಎಳ್ಳುಕಾಳಿನ ತೂಕ, ಅಷ್ಟೇ. ಇದನ್ನು ತಿಳಿಯದವರು ‘ಇಷ್ಟು ಸಾಲುತ್ತದೆಯೇ’ ಎಂದು ಮುಚ್ಚಳ ತೆಗೆದು ತೆಗೆದು ಮೂರು ನಾಲ್ಕು ಬಾರಿ ಅದ್ದುತ್ತಾರೆ, ಇಲ್ಲವೇ ಚಮಚದಿಂದ ಟ್ಯೂಬು ತುಂಬಿಸುತ್ತಾರೆ. ದ್ರಾವಣ ಗಟ್ಟಿಯಾದರೆ ಯಂತ್ರದ ಸೂಜಿ ಕಟ್ಟಿಕೊಳ್ಳುತ್ತದೆ, ಅಳತೆ ಕೆಡುತ್ತದೆ, ಲ್ಯಾಬು ಸ್ಯಾಂಪಲ್ಲನ್ನೇ ತಿರಸ್ಕರಿಸುತ್ತದೆ. ಕೆಲವರು ದ್ರಾವಣವನ್ನು ‘ನೀರು ನಿಂತಿದೆ’ ಎಂದು ಚೆಲ್ಲಿ ತೊಳೆದು ಆಮೇಲೆ ಮಲ ಹಾಕುತ್ತಾರೆ. ಹಿಮೋಗ್ಲೋಬಿನ್ ಕೆಡದಂತೆ ಕಾಯುವುದೇ ಆ ದ್ರಾವಣ. ಅದಿಲ್ಲದೆ ಟ್ಯೂಬು ಇದ್ದೂ ಇಲ್ಲದಂತೆ.

ತೆಗೆಯುವ ಕ್ರಮ ಹೀಗೆ. ಮೊದಲು ಮೂತ್ರ ವಿಸರ್ಜಿಸಿ ಬಿಡಬೇಕು. ಮಲ ನೀರಿಗೂ ಮೂತ್ರಕ್ಕೂ ತಾಗದಂತೆ, ಸ್ವಚ್ಛವಾದ ಒಣ ಡಬ್ಬಿಯಲ್ಲೋ, ಮಡಿಸಿದ ದಪ್ಪ ಕಾಗದದ ಮೇಲೋ ಹಿಡಿಯಬೇಕು. ಫಿನಾಯಿಲ್ ಹಾಕಿದ ಜಾಗದಿಂದ ಎತ್ತಬಾರದು. ಮುಚ್ಚಳ ತಿರುಗಿಸಿ ಕಡ್ಡಿ ಹೊರತೆಗೆದು, ಗೀರಿರುವ ತುದಿಯಿಂದ ಮಲದ ಮೇಲ್ಮೈಯನ್ನು ಅಡ್ಡಡ್ಡ ಕೆರೆಯಬೇಕು. ಒಂದೇ ಜಾಗದಲ್ಲಿ ಅಲ್ಲ, ನಾಲ್ಕೈದು ಕಡೆ. ರಕ್ತ ಮಲದ ತುಂಬ ಹದವಾಗಿ ಬೆರೆತಿರುವುದಿಲ್ಲ, ಗಡ್ಡೆ ತಾಗಿದ ಮಗ್ಗುಲಿನಲ್ಲಿ ಮಾತ್ರ ಇರಬಹುದು. ಗೀರು ತುಂಬಿದರೆ ಸಾಕು. ಕಡ್ಡಿಯನ್ನು ಒಮ್ಮೆ ಟ್ಯೂಬಿಗೆ ತೂರಿಸಿ ‘ಟಕ್’ ಎನ್ನುವವರೆಗೆ ಮುಚ್ಚಿದ ಮೇಲೆ ಮತ್ತೆ ತೆರೆಯಬಾರದು. ನಾಲ್ಕಾರು ಸಲ ಅಲ್ಲಾಡಿಸಿ, ಹೆಸರು, ಹುಟ್ಟಿದ ದಿನಾಂಕದ ಜೊತೆ ಸ್ಯಾಂಪಲ್ ತೆಗೆದ ದಿನಾಂಕವನ್ನೂ ಬರೆಯಬೇಕು. ತಿರಸ್ಕೃತವಾಗುವ ಟ್ಯೂಬುಗಳಲ್ಲಿ ಈ ಕೊನೆಯ ದಿನಾಂಕ ಬರೆಯದವುಗಳದ್ದೇ ಒಂದು ಪಾಲು. ಕಿಟ್ಟಿನ ಅವಧಿ ಮುಗಿದಿದೆಯೇ ಎಂದೂ ನೋಡಿಕೊಳ್ಳಿ. ಬೇಧಿಯಾಗುತ್ತಿದ್ದರೆ ಡಬ್ಬಿಯಲ್ಲಿ ಹಿಡಿದು ಕಡ್ಡಿಯನ್ನು ಅದ್ದಿದರಾಯಿತು. ಮುಟ್ಟಿನ ದಿನಗಳಲ್ಲಿ, ಮೂತ್ರದಲ್ಲಿ ರಕ್ತ ಹೋಗುತ್ತಿರುವಾಗ ತೆಗೆಯಬಾರದು.

ಆಮೇಲಿನ ಶತ್ರು ಬಿಸಿ ಮತ್ತು ವಿಳಂಬ. ಹಿಮೋಗ್ಲೋಬಿನ್ ಬಿಸಿಗೆ ಒಡೆಯುತ್ತದೆ. ಒಡೆದರೆ ಪ್ರತಿಕಾಯ ಅದನ್ನು ಗುರುತಿಸದು, ಅಂಕಿ ಇಳಿಯುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ತಪಾಸಣೆಯ ಫಲಿತಾಂಶಗಳನ್ನು ಋತುವಾರು ನೋಡಿದಾಗ ಬೇಸಿಗೆಯಲ್ಲಿ ಪಾಸಿಟಿವ್ ಬರುವ ಪ್ರಮಾಣ ಚಳಿಗಾಲಕ್ಕಿಂತ ಕಡಿಮೆಯಿತ್ತು. ಬೇಸಿಗೆಯಲ್ಲಿ ಕ್ಯಾನ್ಸರ್ ಕಡಿಮೆಯಾಗುವುದಿಲ್ಲವಷ್ಟೇ! ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಟ್ಯೂಬನ್ನು ಬಿಟ್ಟುಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂದೇ ಅಥವಾ ಮರುದಿನ ಲ್ಯಾಬಿಗೆ ಮುಟ್ಟಿಸಿ. ಆಗದಿದ್ದರೆ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ. ಎಷ್ಟು ದಿನದವರೆಗೆ ಸ್ವೀಕರಿಸುತ್ತೇವೆ ಎಂಬುದನ್ನು ಲ್ಯಾಬುಗಳು ಕಿಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಮುದ್ರಿಸಬೇಕು. ಇಲ್ಲಿ ತಪ್ಪಾದರೆ ಆಗುವುದು ಯಾವಾಗಲೂ ಒಂದೇ ದಿಕ್ಕಿನ ತಪ್ಪು: ರಕ್ತ ಇದ್ದರೂ ಇಲ್ಲ ಎನಿಸುವುದು.

ಅಂಕಿ 10 ದಾಟಿತು ಎನ್ನಿ. ಆಗ ಮಾಡುವ ತಪ್ಪುಗಳು ಎರಡು. ಒಂದು, ‘ಇನ್ನೊಮ್ಮೆ ಮಾಡಿಸಿ ನೋಡೋಣ’ ಎನ್ನುವುದು. ಕ್ಯಾನ್ಸರಿನ ಗಡ್ಡೆ ದಿನವೂ ಒಂದೇ ಸಮ ಒಸರುವುದಿಲ್ಲ. ಇಂದು 45 ಬಂದು ನಾಳೆ 6 ಬಂದರೆ ಇಂದಿನದು ಸುಳ್ಳಾಗುವುದಿಲ್ಲ. ಎರಡರಲ್ಲಿ ಒಂದು ಗೆರೆ ದಾಟಿದರೂ ದಾಟಿದಂತೆಯೇ. ಇನ್ನೊಂದು, ರಕ್ತಕ್ಕೆ ಬೇರೆ ಕಾರಣ ಹೊಂದಿಸುವುದು. ಪೈಲ್ಸ್ ಇರುವವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೇನೂ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುವವರ ವಿಷಯವೂ ಅಷ್ಟೇ. ಪರೀಕ್ಷೆಗೆಂದು ಆ ಮಾತ್ರೆಗಳನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಹೃದಯಕ್ಕೋ ಮೆದುಳಿಗೋ ಅಪಾಯ. ಮಾತ್ರೆಯಿಂದಲೇ ಬಂದಿರಬೇಕೆಂದು ಫಲಿತಾಂಶವನ್ನು ಬದಿಗಿಡಲೂಬಾರದು. ಗೆರೆ ದಾಟಿದ ನೂರರಲ್ಲಿ 84 ಜನರಿಗೆ ಕ್ಯಾನ್ಸರ್ ಇರುವುದಿಲ್ಲ ನಿಜ. ಅವರಲ್ಲಿ ಅನೇಕರಿಗೆ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು), ಕರುಳಿನ ಉರಿಯೂತ ಮೊದಲಾದ ಚಿಕಿತ್ಸೆ ಬೇಕಾದ ತೊಂದರೆಗಳಿರುತ್ತವೆ. ಪಾಲಿಪ್ಪನ್ನು ಅದೇ ಕೊಳವೆಯ ಮೂಲಕ ಅಲ್ಲೇ ತೆಗೆದರೆ ಮುಂದೆ ಅದು ಕ್ಯಾನ್ಸರಾಗುವುದೇ ತಪ್ಪುತ್ತದೆ.

ಹರೆಯದವರ ವಿಷಯದಲ್ಲಿ ಒಂದು ಮಾತು. ಮೂವತ್ತು, ಮೂವತ್ತೈದರ ವಯಸ್ಸಿನವರು ಮಲದಲ್ಲಿ ರಕ್ತವೆಂದು ಬಂದರೆ ನೋಡದೆಯೇ ‘ಮೂಲವ್ಯಾಧಿ’ ಎಂದು ಮುಲಾಮು ಬರೆದುಕೊಡುವ ರೂಢಿಯಿದೆ. ಹಲವು ದೇಶಗಳಲ್ಲಿ 50ರ ಒಳಗಿನವರಲ್ಲಿ ಕರುಳಿನ ಕ್ಯಾನ್ಸರ್ ಏರುತ್ತಿದೆ. ಎಲ್ಲ ಹರೆಯದವರಿಗೂ ಕೊಲೊನೊಸ್ಕೋಪಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಆದರೆ ರಕ್ತದ ಜೊತೆ ಹೊಟ್ಟೆನೋವೋ ತೂಕ ಇಳಿಯುವುದೋ ಇದ್ದರೆ ಒಂದು ಫಿಟ್ ಮಾಡಿಸಲು ವಯಸ್ಸು ಅಡ್ಡಬರಬಾರದು.

10ಕ್ಕಿಂತ ಕಡಿಮೆ ಬಂದರೆ? ಆ 810 ಜನರಲ್ಲಿ ಉಳಿಯುವ ಮೂವರನ್ನು ಇಲ್ಲಿ ನೆನೆಯಬೇಕು. ಇನ್ನೂರೈವತ್ತು, ಮುನ್ನೂರಕ್ಕೆ ಒಬ್ಬರು. ತುಂಬ ಕಡಿಮೆ, ಆದರೆ ಸೊನ್ನೆಯಲ್ಲ. ಗಡ್ಡೆ ಆ ದಿನ ಒಸರದಿರಬಹುದು, ಸ್ಯಾಂಪಲ್ ಬಿಸಿಗೆ ಕೆಟ್ಟಿರಬಹುದು, ಗೀರಿಗೆ ಮಲವೇ ಹಿಡಿದಿರದಿರಬಹುದು. ಕರುಳಿನ ಬಲಭಾಗದಲ್ಲಿ ಒಸರಿದ ರಕ್ತ ಹೊರಬರುವಷ್ಟರಲ್ಲಿ ಒಡೆದಿರಬಹುದು. ಹಾಗಾಗಿ ವೈದ್ಯರು ‘ಏನೂ ಇಲ್ಲ, ಹೋಗಿ’ ಎನ್ನುವ ಬದಲು, ‘ಈಗ ಕ್ಯಾನ್ಸರಿನ ಸಂಭವ ತೀರ ಕಡಿಮೆ. ಇಂತಿಷ್ಟು ವಾರಗಳಲ್ಲಿ ಲಕ್ಷಣ ಹೋಗದಿದ್ದರೆ, ಅಥವಾ ಹೆಚ್ಚಾದರೆ ಮತ್ತೆ ಬನ್ನಿ’ ಎಂದು ದಿನಾಂಕ ಸಹಿತ ಬರೆದುಕೊಡಬೇಕು. ಆಗಲೂ ಲಕ್ಷಣ ಉಳಿದಿದ್ದರೆ ಎರಡನೆಯ ಫಿಟ್ ಮಾಡಿಸುವುದರಲ್ಲಿ ಅರ್ಥವಿದೆ. ಎರಡೂ ಕಡಿಮೆ ಬಂದರೆ ತಪ್ಪಿಹೋಗುವ ಸಂಭವ ಇನ್ನಷ್ಟು ಇಳಿಯುತ್ತದೆ.

ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇರುವವರಲ್ಲಿ ಇನ್ನೂ ಎಚ್ಚರ ಬೇಕು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಹಿಮೋಗ್ಲೋಬಿನ್ ಇಳಿದು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಪ್ರೋಟೀನ್) ಕಡಿಮೆಯಾಗಿದ್ದರೆ ರಕ್ತ ಎಲ್ಲೋ ಸೋರುತ್ತಿರಬಹುದು. ಫಿಟ್ ಕಡಿಮೆ ಬಂತೆಂದು ಕಬ್ಬಿಣದ ಮಾತ್ರೆ ಕೊಟ್ಟು ಕೈತೊಳೆದುಕೊಂಡರೆ ಜಠರದ ಕ್ಯಾನ್ಸರನ್ನು ಕಾಣದೇ ಹೋಗಬಹುದು. ಅವರಿಗೆ ಬಾಯಿಯ ಕಡೆಯಿಂದ ಎಂಡೋಸ್ಕೋಪಿಯ ವಿಚಾರ ಬರಲೇಬೇಕು, ಕೊಲೊನೊಸ್ಕೋಪಿಯ ಬಗ್ಗೆಯೂ ತಜ್ಞರೇ ತೀರ್ಮಾನಿಸಬೇಕು. ತೂಕ ಇಳಿಯುತ್ತಿದ್ದು ಫಿಟ್ ಕಡಿಮೆಯಿದ್ದರೆ ಮೇದೋಜೀರಕ, ಅಂಡಾಶಯ, ಮೂತ್ರಪಿಂಡ ಮೊದಲಾದ ಕಡೆ ಹುಡುಕಬೇಕು. ಫಿಟ್ ಉತ್ತರಿಸುವುದು ಒಂದೇ ಒಂದು ಅಂಗದ ಬಗ್ಗೆ.

ಫಿಟ್‌ಗಾಗಿ ಕಾಯಲೇಬಾರದ ಸಂದರ್ಭಗಳೂ ಇವೆ. ಬೆರಳು ಹಾಕಿ ನೋಡಿದಾಗ ಗುದನಾಳದಲ್ಲಿ ಗಡ್ಡೆ ತಾಗಿದರೆ, ಗುದದ್ವಾರದಲ್ಲಿ ಕಾರಣ ತಿಳಿಯದ ಗಂಟು ಅಥವಾ ವಾಸಿಯಾಗದ ಹುಣ್ಣಿದ್ದರೆ ಮಲಪರೀಕ್ಷೆಯ ಮಾತೇ ಇಲ್ಲ, ನೇರವಾಗಿ ತಜ್ಞರ ಬಳಿ. ಹಾಗಾಗಿ ಬೆರಳಿನ ಪರೀಕ್ಷೆಯನ್ನು ಬಿಟ್ಟು ಕಿಟ್ ಮಾತ್ರ ಕೊಟ್ಟು ಕಳಿಸುವುದು ಸರಿಯಲ್ಲ; ಅರ್ಧ ನಿಮಿಷದ ಆ ಪರೀಕ್ಷೆಗೆ ಫಿಟ್ ಬದಲಿಯಾಗದು. ಹೊಟ್ಟೆ ಉಬ್ಬಿ, ವಾಂತಿಯಾಗುತ್ತ, ಗಾಳಿಯೂ ಹೋಗದೆ ನಿಂತರೆ, ರಕ್ತ ಧಾರೆಯಾಗಿ ಹೋಗಿ ತಲೆ ಸುತ್ತಿದರೆ ಅದು ತುರ್ತು ಚಿಕಿತ್ಸೆಯ ವಿಷಯ.

ಕೊನೆಯದಾಗಿ, ಬಾರದ ಟ್ಯೂಬುಗಳ ಬಗ್ಗೆ. ಕಿಟ್ ಕೊಂಡೊಯ್ದವರೆಲ್ಲ ಅದನ್ನು ಹಿಂದಕ್ಕೆ ಕೊಡುವುದಿಲ್ಲ. ಹೇಸಿಗೆ, ನಾಚಿಕೆ, ಏನು ಬರುವುದೋ ಎಂಬ ಭಯ, ಒಂದೆರಡು ದಿನ ರಕ್ತ ನಿಂತಿತೆಂಬ ಸಮಾಧಾನ, ಅಥವಾ ಕಡ್ಡಿ ಹಿಡಿಯಲಾಗದ ನಡುಗುವ ಕೈ, ಕಾಣದ ಕಣ್ಣು. ಇವರ ಹೆಸರು ಪಾಸಿಟಿವ್ ಪಟ್ಟಿಯಲ್ಲೂ ಇರುವುದಿಲ್ಲ, ನೆಗೆಟಿವ್ ಪಟ್ಟಿಯಲ್ಲೂ ಇರುವುದಿಲ್ಲ; ಯಾರ ಲೆಕ್ಕಕ್ಕೂ ಸಿಗದೆ ಜಾರಿಹೋಗುತ್ತಾರೆ. ನೈಸ್ ಮಾರ್ಗಸೂಚಿಯೂ ಇವರನ್ನು ಕೈಬಿಡಬಾರದು, ವೈದ್ಯರಿಗೆ ಬಲವಾದ ಅನುಮಾನವಿದ್ದರೆ ಫಿಟ್ ಬರಲಿಲ್ಲವೆಂದು ಮುಂದಿನ ಪರೀಕ್ಷೆ ತಡಮಾಡಬಾರದು ಎನ್ನುತ್ತದೆ. ಕಿಟ್ ಕೊಡುವ ಪ್ರತಿಯೊಂದು ಚಿಕಿತ್ಸಾಲಯವೂ ಒಂದು ಪುಸ್ತಕ ಇಡಲಿ: ಹೆಸರು, ಫೋನ್ ನಂಬರ್, ಕಿಟ್ ಕೊಟ್ಟ ದಿನ, ಟ್ಯೂಬು ಬಂದ ದಿನ, ಅಂಕಿ, ರೋಗಿಗೆ ತಿಳಿಸಿದ ದಿನ. ವಾರಕ್ಕೊಮ್ಮೆ ಯಾರಾದರೊಬ್ಬರು ಅದನ್ನು ತೆರೆದು, ಎರಡು ವಾರ ಕಳೆದರೂ ನಾಲ್ಕನೆಯ ಕಾಲಂ ಖಾಲಿಯಿರುವವರಿಗೆ ಫೋನ್ ಮಾಡಲಿ. ಕಿಟ್ ಹಾಳಾಗಿದ್ದರೆ ಇನ್ನೊಂದು ಕೊಡಲಿ, ಕೈ ನಡುಗುವವರಾದರೆ ಮನೆಯವರಿಗೆ ತೋರಿಸಿಕೊಡಲಿ.

ಇಂತಿ,
ಕರುಳಿನ ಚಿಕಿತ್ಸೆ ಮತ್ತು ಪ್ರಯೋಗಾಲಯದ ಕೆಲಸದಲ್ಲಿರುವ ನಿಮ್ಮ ಓದುಗರು